ಐದನೆಯ ಬಯಲಿಗೆ ಬಿಟ್ಟ ನೀರು

ಅವತ್ತು ನನಗಿದ್ದ ಕೆಲಸ ಒಂದೇ, ಏನೂ ಮಾಡದೆ ಇರುವುದು. ನೀರುಗಂಟಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಬೆಳಗಾದರೆ ಹೆಗಲ ಮೇಲೆ ಗುದ್ದಲಿ ಹಾಕಿಕೊಂಡು ನಾಲೆಯ ಏರಿ ಹಿಡಿದು ನಡೆಯಬೇಕು. ಈ ತೂಬಿನ ಹಲಗೆ ಎತ್ತಬೇಕು, ಆ ತೂಬಿನದು ಇಳಿಸಬೇಕು, ಇವರ ಹತ್ತಿರ ಬೈಸಿಕೊಳ್ಳಬೇಕು, ಅವರನ್ನು ಬೈಯಬೇಕು. ಇಪ್ಪತ್ತು ವರ್ಷ ಹೀಗೆ ಕಳೆದ ನನಗೆ ಹಿಂದಿನ ಸಂಜೆ ಇಂಜಿನಿಯರಮ್ಮ ಹೇಳಿದ್ದು ಇಷ್ಟೇ: ‘ಐದನೇ ಬಯಲಿನ ತೂಬು ಮುಟ್ಟಬೇಡಿ ಅಣ್ಣ. ಏನೇ ಆದರೂ ಅದು ಒಣಗೇ ಇರಲಿ.’ ಅದು ಒಣಗಿದ್ದರೆ ಚಂದ್ರನಲ್ಲಿ ಅಡಗಿದ್ದವರು ಅಲ್ಲೇ ಉಳಿಯುತ್ತಿದ್ದರು. ಅದರಲ್ಲಿ ನೀರು ಕಂಡರೆ ಇಳಿದು ಬರುತ್ತಿದ್ದರು, ಬಂದರೆ ಸಾಯುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲಿನವರು ಬಂದು ಅದು ಮೂರನೆಯ ವರ್ಷ. ಅವರು ಯಾರು, ಎಲ್ಲಿಯವರು ಎಂದು ಯಾರಿಗೂ ತಿಳಿಯಲಿಲ್ಲ, ನಾವು ಮೇಲಿನವರು ಎಂದೇ ಕರೆದೆವು. ಬೆಂಗಳೂರು, ಮೈಸೂರು ಒಂದೇ ಬೆಳಗಿನಲ್ಲಿ ಹೋದವು. ಮಂಡ್ಯದಲ್ಲಿ ಕರೆಂಟು, ಸದ್ದು, ಹೊಗೆ ಇದ್ದ ಕಡೆಯೆಲ್ಲ ನೆಲ ಕರಗಿ ಗಾಜಾಗಿತ್ತು. ಅವರು ಹುಡುಕುವುದು ರೇಡಿಯೊವನ್ನು, ಕರೆಂಟನ್ನು, ಇಂಜಿನ್ನನ್ನು ಎಂದು ನಿಧಾನಕ್ಕೆ ಅರ್ಥವಾಯಿತು. ಪಕ್ಕದ ಊರಿನಲ್ಲಿ ಒಬ್ಬರು ಒಣಗುತ್ತಿದ್ದ ಕಬ್ಬು ನೋಡಲಾರದೆ ಡೀಸೆಲ್ ಪಂಪು ಚಾಲೂ ಮಾಡಿದರು. ಅರ್ಧ ಗಂಟೆ ಓಡಿತು. ಈಗ ಅಲ್ಲಿ ಪಂಪೂ ಇಲ್ಲ, ಕಬ್ಬೂ ಇಲ್ಲ, ಅವರೂ ಇಲ್ಲ. ಬಗ್ಗಿ ನಿಂತು ಕೈಯಲ್ಲಿ ದುಡಿಯುವವರನ್ನು ಮಾತ್ರ ಮೇಲಿನವರು ಮುಟ್ಟಲಿಲ್ಲ. ಗದ್ದೆಯ ಕೊಕ್ಕರೆಗಳ ಜೊತೆಗೆ ನಮ್ಮನ್ನೂ ಸೇರಿಸಿಕೊಂಡಿದ್ದರೆಂದು ನನ್ನ ಅಂದಾಜು.

ದಾಳಿಗೆ ಮೊದಲೇ ಕೆಲಸದ ಮೇಲೆ ಭೂಮಿ ಬಿಟ್ಟು ಹೋಗಿದ್ದವರೂ, ದಾಳಿಯ ದಿನ ಸಿಕ್ಕಿದ ನೌಕೆ ಹತ್ತಿ ತಪ್ಪಿಸಿಕೊಂಡವರೂ ಆಕಾಶದಲ್ಲಿ ಅಲ್ಲಲ್ಲಿ ಅಡಗಿದ್ದರು. ಚಂದ್ರನ ನೆಲದೊಳಗಿನ ಒಂದು ಗುಹೆಯಲ್ಲಿ ನಲವತ್ತಾರು ಜನ. ಮಂಗಳನ ಕಣಿವೆಯೊಂದರಲ್ಲಿ ಕೆಲವರು. ಅದರಾಚೆ ಸುತ್ತುವ ಒಂದು ಬಂಡೆಯ ಹೊಟ್ಟೆಯಲ್ಲಿ ಕೆಲವರು. ಗುರುವಿನ ಒಂದು ಉಪಗ್ರಹದಲ್ಲಿ ಮಂಜುಗಡ್ಡೆಯ ಕೆಳಗೂ ಜನ ಇದ್ದಾರೆ ಎನ್ನುತ್ತಿದ್ದರು, ಅವರ ಸುದ್ದಿ ಬಂದು ವರ್ಷ ಕಳೆದಿತ್ತು. ಸೂಜಿಮೊನೆಯಷ್ಟು ಬೆಳಕನ್ನು ಗುರಿಯಿಟ್ಟು ಮಿನುಗಿಸಿ ಒಬ್ಬರು ಇನ್ನೊಬ್ಬರಿಗೆ ಸುದ್ದಿ ದಾಟಿಸುತ್ತಿದ್ದರು. ಭೂಮಿಯ ಸುದ್ದಿ ಇವರೆಲ್ಲರಿಗೂ ಚಂದ್ರನ ಗುಹೆಯಿಂದಲೇ ಹೋಗಬೇಕು.

ಆ ಗುಹೆಗೆ ಸುದ್ದಿ ಹೋಗುತ್ತಿದ್ದದ್ದು ನಮ್ಮ ಗದ್ದೆಗಳಿಂದ. ಇಂಜಿನಿಯರಮ್ಮ ದಾಳಿಗೆ ಮೊದಲು ಬೆಂಗಳೂರಿನಲ್ಲಿ ಉಪಗ್ರಹಗಳ ಕೆಲಸದಲ್ಲಿದ್ದವರು. ಕಿರುಗಾವಲು ಕಡೆಯ ನಮ್ಮ ಊರು ಅವರ ಅಜ್ಜಿಯ ಊರು. ದಾಳಿಯ ದಿನ ಮಂಡ್ಯದಲ್ಲಿದ್ದು, ಅಲ್ಲಿಂದ ರಸ್ತೆ ಬಿಟ್ಟು ಹೊಲದ ಮೇಲೆ ನಡೆದು ಬಂದು ಸೇರಿಕೊಂಡರು. ಊರಿಗೆಲ್ಲ ಅವರು ಸ್ಕೂಲಿನ ಮೇಡಂ. ಅವರ ತಂಗಿ ಚಂದ್ರನ ಗುಹೆಯಲ್ಲಿದ್ದಳು. ಏನಾದರೂ ಆದರೆ ಅಜ್ಜಿ ಊರಿನ ಬಯಲು ನೋಡು ಎಂದು ಅಕ್ಕತಂಗಿಯರು ಮೊದಲೇ ಮಾತಾಡಿಕೊಂಡಿದ್ದರಂತೆ. ಹಾಗೆ ಮಾತಾಡಿಕೊಳ್ಳುವ ಅಕ್ಕತಂಗಿಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ನಾಲೆಗೆ ಒಂಬತ್ತು ತೂಬು. ಒಂದೊಂದರ ಕೆಳಗೂ ಇಪ್ಪತ್ತು ಎಕರೆಗೆ ಮೇಲ್ಪಟ್ಟ ಒಂದೊಂದು ಬಯಲು, ಒಂದಕ್ಕಿಂತ ಒಂದು ತಗ್ಗಿನಲ್ಲಿ. ನೀರು ನಿಂತ ಬಯಲು ಮೇಲಿನಿಂದ ಕಪ್ಪಗೆ ಕಾಣುತ್ತದೆ, ಒಣಗಿದ್ದು ಕಂದಾಗಿ. ಒಂದು, ಮೂರು, ಏಳು, ಒಂಬತ್ತು ತುಂಬಿದ್ದರೆ ‘ಇದ್ದಲ್ಲೇ ಇರಿ’. ಅವುಗಳ ಜೊತೆಗೆ ಐದೂ ತುಂಬಿದ್ದರೆ ‘ಇಳಿದು ಬನ್ನಿ’. ಒಂಬತ್ತೂ ತುಂಬಿದ್ದರೆ ‘ನೆತ್ತಿಯ ಮೇಲೆ ಕಾವಲಿದೆ, ಮೊದಲು ಹೇಳಿದ್ದನ್ನು ಬಿಡಿ, ಅಲುಗಬೇಡಿ’. ಸರದಿಯ ಪ್ರಕಾರ ನೀರು ಬಿಡುವ ನಮ್ಮ ಕಟ್ಟು ಪದ್ಧತಿಯಲ್ಲಿ ಒಂದು ಬಯಲು ತುಂಬಿ ಇನ್ನೊಂದು ಒಣಗಿರುವುದು ಸಹಜ, ಹಾಗಾಗಿ ಮೇಲಿನವರಿಗೆ ಅನುಮಾನ ಬರಲಿಲ್ಲ. ಗುಹೆಯವರು ಮಧ್ಯಾಹ್ನ ಮೂರಕ್ಕೊಮ್ಮೆ, ಐದಕ್ಕೊಮ್ಮೆ ನೋಡುತ್ತಿದ್ದರು. ಎರಡು ಸಲವೂ ಒಂದೇ ಕಂಡರೆ ಮಾತ್ರ ಅದನ್ನು ಮಾತೆಂದು ತೆಗೆದುಕೊಳ್ಳುತ್ತಿದ್ದರು. ಅವರ ಉತ್ತರ ತದಿಗೆ, ಚೌತಿ, ಪಂಚಮಿಯ ಸಂಜೆಗಳಲ್ಲಿ ಚಂದ್ರನ ಕತ್ತಲ ಭಾಗದಲ್ಲಿ ಮಿನುಗುತ್ತಿತ್ತು. ಹೈಸ್ಕೂಲಿನಲ್ಲಿದ್ದ ಹಳೆಯ ದೂರದರ್ಶಕದಲ್ಲಿ ಇಂಜಿನಿಯರಮ್ಮ ಅದನ್ನು ಓದುತ್ತಿದ್ದರು. ಈ ಗುರುತುಗಳನ್ನು ಗೊತ್ತುಮಾಡಿದ್ದೂ, ಗುಹೆಯ ಸುದ್ದಿ ಬರುತ್ತಿದ್ದದ್ದೂ ಹಾಗೆ ಅಕ್ಷರ ಅಕ್ಷರವಾಗಿ ಮಿನುಗಿಸಿಯೇ, ಕಾವಲು ಎದುರಿಗಿದ್ದರೆ ಮಾತ್ರ ಬರೀ ತಲೆಯೆಣಿಕೆ. ಇದೆಲ್ಲ ಗೊತ್ತಿದ್ದದ್ದು ನನಗೆ ಮತ್ತು ಅವರಿಗೆ, ಇಬ್ಬರಿಗೇ.

‘ಇರಿ’ಗೂ ‘ಬನ್ನಿ’ಗೂ ನಡುವೆ ಒಂದೇ ಒಂದು ಬಯಲು. ಅಕ್ಕನಾಗಲಿ ತಂಗಿಯಾಗಲಿ ಗದ್ದೆಗಿಳಿದವರಲ್ಲ, ಅವರಿಗೆ ತಿಳಿಯಲಿಲ್ಲ. ನಾನಾದರೂ ಹೇಳಬೇಕಿತ್ತು. ನಮ್ಮ ಕಡೆ ಎರಡು ತುಂಬಿದ ಬಯಲುಗಳ ನಡುವೆ ಒಂದು ಬಯಲನ್ನು ಒಣಗಿಸಿಟ್ಟುಕೊಂಡು ಎಲ್ಲರೂ ಸುಮ್ಮನಿರುತ್ತಾರೆ ಎಂದು ನಂಬಿದ ನೀರುಗಂಟಿ ನಾನೊಬ್ಬನೇ ಇರಬೇಕು.

ಆ ತಿಂಗಳು ಗುಹೆಯಿಂದ ಹದಿನೇಳು ಜನ ಇಳಿದು ಬರುವುದೆಂದು ಗೊತ್ತಾಗಿತ್ತು. ಗಾಳಿ ಶುದ್ಧಮಾಡುವ ಅವರ ಯಂತ್ರ ಸೋಲುತ್ತಿತ್ತು. ಹದಿನೇಳು ಜನ ಕಡಿಮೆಯಾದರೆ ಉಳಿದವರಿಗೆ ಉಸಿರು ಸಾಕಾಗುತ್ತದೆ ಎಂಬ ಲೆಕ್ಕ. ಕಾಯಿಲೆಯವರು ಮೊದಲು. ಆ ಪಟ್ಟಿಯಲ್ಲಿ ಇಂಜಿನಿಯರಮ್ಮನ ತಂಗಿಯೂ ಇದ್ದಳು. ಮೇಲಿನವರ ಕಾವಲು ನೌಕೆ ಪ್ರತಿ ತಿಂಗಳೂ ತದಿಗೆಯಿಂದ ನಾಲ್ಕು ದಿನ ಭೂಮಿಯ ಆಚೆ ಬದಿಗೆ ಹೋಗುತ್ತಿತ್ತು. ಆಗ ಇಂಜಿನ್ ಹಾಕದೆ ಬಂದು ನಮ್ಮೂರ ಕೆರೆಗೆ ಬೀಳಬೇಕು. ಆದರೆ ತದಿಗೆಯ ಸಂಜೆ ಇಂಜಿನಿಯರಮ್ಮ ನನ್ನನ್ನು ಕರೆದು ನೆತ್ತಿಯ ಮೇಲಕ್ಕೆ ತೋರಿಸಿದರು. ಮಾಸಿದ ಬಿಳಿ ಚುಕ್ಕೆ. ಹೋಗಬೇಕಾಗಿದ್ದ ಕಾವಲು ಹೋಗದೆ ನಿಂತುಬಿಟ್ಟಿತ್ತು. ‘ಈ ತಿಂಗಳು ಬೇಡ,’ ಎಂದರು. ಐದನೆಯ ತೂಬಿನ ಮಾತು ಹೇಳಿದ್ದೂ ಆಗಲೇ.

ಅಲ್ಲಿಂದ ನಾನು ನಾಲೆಯ ಏರಿಗೆ ಬಂದಾಗ ದೊಡ್ಡಯ್ಯ ಕಾದಿದ್ದರು. ವರಸೆಯಲ್ಲಿ ನನಗೆ ದೊಡ್ಡಪ್ಪ, ಎಪ್ಪತ್ತರ ಹತ್ತಿರ. ಊರಿನಲ್ಲಿ ಅವರ ಬಾಯಿಗೆ ಹೆದರದವರಿಲ್ಲ.

‘ಐದ್ನೇದು ಯಾವಾಗ್ ಬುಡ್ತೀಯ್ಲಾ?’

‘ನೋಡವ ಬುಡು ದೊಡ್ಡಯ್ಯ, ನಾಕ್ ದಿನ ಓಗ್ಲಿ.’

‘ನಾಕ್ ದಿನ ಓದ್ರೆ ಅಲ್ಲಿ ಏನ್ಲಾ ಇದ್ದದು? ಸಾವಿನ್ ಮನೆ ಒಟ್ಲು ಅದು. ಪೈರು ಅಳ್ದಿಗ್ ತಿರಿಕ್ಕಂಡದೆ.’

ಐದನೆಯ ಬಯಲಿನ ತಗ್ಗಿನ ಮೂಲೆಯಲ್ಲಿ ಒಂದು ಮನೆಯವರು ಬೇಸಿಗೆ ನಾಟಿಗೆಂದು ಭತ್ತದ ಸಸಿಮಡಿ, ನಮ್ಮ ಮಾತಿನ ಒಟ್ಲು, ಬಿಟ್ಟಿದ್ದರು. ಗಂಡ ದಿನವೂ ನಾಲೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಸಸಿ ಉಳಿಸಿಕೊಂಡಿದ್ದ. ಆರು ದಿನದ ಹಿಂದೆ ಅವನನ್ನು ಹಾವು ಕಚ್ಚಿತು. ನಮ್ಮಲ್ಲಿ ಸಾವಾದ ಮನೆಯವರು ಹನ್ನೊಂದು ದಿನ ಗದ್ದೆಗಿಳಿಯುವುದಿಲ್ಲ. ಅಷ್ಟು ದಿನ ಅವರ ಗದ್ದೆಗೆ ನೀರು ಕಟ್ಟುವುದು ಅಕ್ಕಪಕ್ಕದವರ ಹೊಣೆ, ಅದಕ್ಕೆ ನೀರುಗಂಟಿ ಸರದಿ ನೋಡುವಂತಿಲ್ಲ. ನಾನೇ ಎಷ್ಟೋ ಸಲ ಯಾರೂ ಕೇಳುವ ಮೊದಲೇ ತೂಬು ಎತ್ತಿದ್ದೇನೆ.

‘ಈ ಸಲ ಆಗಾಕಿಲ್ಲ,’ ಎಂದೆ.

‘ಯಾಕ್ ಆಗಾಕಿಲ್ಲ?’

‘ಆಗಾಕಿಲ್ಲ ಅಂದ್ರೆ ಆಗಾಕಿಲ್ಲ.’

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಮನ್ಸ ಅಂದ್ಮೇಲೆ ವಸಿ ಕರುಣೆ ಇರ್ಬೇಕು ಕಣ್ಲಾ,’ ಎಂದು ಹೊರಟುಹೋದರು. ಹತ್ತು ಬಿಂದಿಗೆ ನೀರು ನಾನೇ ಹೊತ್ತು ಆ ಒಟ್ಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಗುಟ್ಟು ಕಾಯುವ ದೊಡ್ಡಸ್ತಿಕೆಯಲ್ಲಿ ಅದು ನನಗೆ ಹೊಳೆಯಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಚೌತಿಯ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾಲ್ಕನೆಯ ತೂಬು ದಾಟುವಾಗಲೇ ಸದ್ದು ಕೇಳಿಸಿತು. ನಾಲೆಯಲ್ಲಿ ಹರಿಯುವ ನೀರಿನದಲ್ಲ, ತೂಬಿನಿಂದ ಬೀಳುವ ನೀರಿನ ಸದ್ದು. ಐದನೆಯದರ ಹಲಗೆಯನ್ನು ಯಾರೋ ಎತ್ತಿ ಅಚ್ಚುಕಟ್ಟಾಗಿ ಕಲ್ಲಿಗೆ ಒರಗಿಸಿದ್ದರು. ಒಟ್ಲು ಇದ್ದದ್ದು ತಗ್ಗಿನ ಕೊನೆಯಲ್ಲಿ. ಅಲ್ಲಿಗೆ ನೀರು ಮುಟ್ಟಬೇಕೆಂದರೆ ಮೇಲಿನ ಗದ್ದೆಗಳೆಲ್ಲ ಒಂದೊಂದಾಗಿ ತುಂಬಿ ಇಳಿಯಬೇಕು. ರಾತ್ರಿಯಿಡೀ ತುಂಬಿ ಇಳಿದಿತ್ತು. ಇಪ್ಪತ್ತು ಎಕರೆ ಬಯಲು ಉದ್ದಕ್ಕೂ ಅಗಲಕ್ಕೂ ಫಳಫಳ ಹೊಳೆಯುತ್ತಿತ್ತು. ಹಲಗೆ ಇಳಿಸಿದೆ, ಆಮೇಲೆ ಯಾಕೆ ಇಳಿಸಿದೆ ಎಂದು ನನಗೇ ತಿಳಿಯಲಿಲ್ಲ. ಆಗುವುದೆಲ್ಲ ಆಗಿಹೋಗಿತ್ತು.

ಸ್ಕೂಲಿಗೆ ಓಡುವಂತಿರಲಿಲ್ಲ. ನೆತ್ತಿಯ ಮೇಲೆ ಚುಕ್ಕೆ ನಿಂತಿತ್ತು. ಗದ್ದೆಯಲ್ಲಿ ಓಡುವ ಮನುಷ್ಯರನ್ನು ಅವರು ಗಮನಿಸುತ್ತಾರೆ. ಗುದ್ದಲಿ ಹೆಗಲಿಗಿಟ್ಟು, ದಿನ ನಡೆಯುವ ಹೆಜ್ಜೆಯಲ್ಲೇ ಒಂದು ಮೈಲಿ ನಡೆದೆ.

‘ಐದು ತುಂಬೋಗದೆ ಮೇಡಮ್ಮ. ಯಾರೋ ತೂಬು ಎತ್ತವ್ರೆ.’

ಇಂಜಿನಿಯರಮ್ಮ ಎದ್ದು ನಿಂತರು, ಮತ್ತೆ ಕೂತರು. ‘ಬಸಿದು ಒಣಗಿಸೋಕೆ ಎಷ್ಟು ಹೊತ್ತು ಬೇಕು?’

‘ನೀರು ಸಂಜೆಗೆ ಓಯ್ತದೆ. ಕೆಸರು ಇನ್ನ ಮೂರ್ ದಿನ ಕಪ್ಪಗೇ ಇರ್ತದೆ.’

‘ಹಾಗಾದರೆ ಒಂಬತ್ತೂ ತುಂಬಬೇಕು. ಅದೊಂದೇ ದಾರಿ. ಮೂರು ಗಂಟೆಗೆ ಬನ್ನಿ ಅಂತ ಓದಿದರೂ, ಐದು ಗಂಟೆಗೆ ಬೇರೆ ಕಂಡರೆ ಹೊರಡಲ್ಲ.’

ಎರಡು, ನಾಲ್ಕು, ಆರು, ಎಂಟು ಒಣಗಿದ್ದವು. ನಾಲೆಯ ನೀರೊಂದನ್ನೇ ನಂಬಿದರೆ ಎರಡು ಹಗಲು ಎರಡು ರಾತ್ರಿ ಬೇಕು. ನಮಗಿದ್ದದ್ದು ಏಳು ಗಂಟೆ. ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದುಕೊಂಡು ಲೆಕ್ಕ ಹಾಕಿದೆ. ತುಂಬಿದ ಬಯಲುಗಳಲ್ಲಿ ನಾಲ್ಕು ಬೆರಳು ನೀರಿದೆ. ಕಪ್ಪಗೆ ಕಾಣಲು ಒಂದು ಬೆರಳು ಸಾಕು. ಒಂದನೆಯದರ ಬದು ಕಡಿದರೆ ಎರಡಕ್ಕೆ ಇಳಿಯುತ್ತದೆ, ಮೂರರದು ನಾಲ್ಕಕ್ಕೆ, ಐದರದು ಆರಕ್ಕೆ, ಏಳರದು ಎಂಟಕ್ಕೆ. ಇದ್ದ ನೀರನ್ನೇ ಹಂಚಬೇಕು. ಒಂದೊಂದು ಕಡೆ ಕಡಿದರೆ ಹೊತ್ತು ಸಾಲದು, ಹತ್ತು ಮಾರಿಗೊಂದು ಕಡೆ ಕಡಿಯಬೇಕು.

‘ಎಷ್ಟು ಜನ ಬೇಕು?’

‘ಅರವತ್ತಾದ್ರೂ ಬೇಕು.’

‘ಅರವತ್ತು ಜನಕ್ಕೆ ಏನಂತ ಹೇಳ್ತೀರಾ?’

‘ಇದ್ದದ್ದ ಇದ್ದಂಗೆ ಏಳ್ತೀನಿ.’

‘ಬೇಡ ಅಣ್ಣ. ಯಾವನೋ ಒಬ್ಬ ಇನ್ನೊಂದು ಊರಲ್ಲಿ ಬಾಯಿಬಿಟ್ಟರೆ, ಅಲ್ಲಿ ಯಾರೋ ರೇಡಿಯೊದಲ್ಲಿ ಮಾತಾಡಿಬಿಟ್ಟರೆ, ಇವತ್ತಲ್ಲ ನಾಳೆ ಎಲ್ಲರೂ ಹೋಗ್ತೀವಿ. ನಾಲೆ ಒಡೆಯುತ್ತೆ ಅಂತ ಏನಾದರೂ ಸುಳ್ಳು ಹೇಳಿ.’

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮೊನ್ನೆ ತಾನೇ ಗೊಬ್ಬರ ಚೆಲ್ಲಿದ ಗದ್ದೆಯ ನೀರನ್ನು ಇನ್ನೊಬ್ಬರ ಗದ್ದೆಗೆ ಬಿಡಿ ಎಂದರೆ ಯಾವ ಸುಳ್ಳಿಗೂ ನಮ್ಮವರು ಬದು ಕಡಿಯುವುದಿಲ್ಲ. ನೀರಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರನ್ನು ಬಿಡಿಸಿದವನು ನಾನು. ‘ನೆನ್ನೆ ಬಾಯಿ ಮುಚ್ಕಂಡಿದ್ದುಕ್ಕೇ ಇವತ್ತು ಇಂಗಾಗಿರದು ಮೇಡಮ್ಮ,’ ಎಂದೆ. ‘ಏಳ್ತೀನಿ. ಏನಾದ್ರೂ ಆದ್ರೆ ನನ್ ತಲೆ ಮ್ಯಾಲೆ.’ ಅವರ ಒಪ್ಪಿಗೆಗೆ ನಾನು ಕಾಯಲಿಲ್ಲ.

ತಮಟೆ ಹೊಡೆಯುವ ಹಾಗಿಲ್ಲ, ಕೂಗುವ ಹಾಗಿಲ್ಲ. ಒಂಬತ್ತನೆಯ ಬಯಲಿನಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರ ಸಾಲಿಗೆ ಸುದ್ದಿ ಕೊಟ್ಟೆ. ಬಗ್ಗಿದ ಬೆನ್ನು ಎತ್ತದೆ ಒಬ್ಬರು ಇನ್ನೊಬ್ಬರಿಗೆ ಹೇಳಿ, ಅರ್ಧ ಗಂಟೆಯಲ್ಲಿ ಊರಿಗೆಲ್ಲ ಮುಟ್ಟಿತು. ನಾಲೆಯ ಹೊಂಗೆ ಮರಗಳ ಕೆಳಗೆ ಐದೈದು ಜನ ಮಾಡಿಕೊಂಡು ಬಂದು ಕೂತರು. ನಾನು ಮಾತುಗಾರನಲ್ಲ. ಚಂದ್ರನಲ್ಲಿ ನಲವತ್ತಾರು ಜನ ಇದ್ದಾರೆ ಎಂದೆ. ಮಂಗಳದವರ, ಬಂಡೆಯೊಳಗಿನವರ ವಿಷಯ ಹೇಳಿದೆ. ಮೂರು ವರ್ಷದಿಂದ ನಿಮ್ಮ ಗದ್ದೆಗೆ ನಾನು ನೀರು ಬಿಟ್ಟದ್ದು, ಬಿಡದೆ ಇದ್ದದ್ದು ಅವರಿಗೂ ಸೇರಿತ್ತು ಎಂದೆ. ಐದನೆಯ ಬಯಲು ನೋಡಿ ಹದಿನೇಳು ಜನ ಹೊರಟು ಬರುತ್ತಾರೆ, ಕಾವಲಿನ ಕಣ್ಣೆದುರೇ ಬಂದು ನಮ್ಮ ಕೆರೆಗೆ ಬೀಳುತ್ತಾರೆ, ಅವರೂ ಉಳಿಯುವುದಿಲ್ಲ, ನಾವೂ ಉಳಿಯುವುದಿಲ್ಲ ಎಂದೆ.

ಹಿಂದಿನಿಂದ ಒಂದು ಹೆಂಗಸು, ‘ಮೂರ್ ವರ್ಸ ನಮ್ ಕಣ್ಗೆ ಮಣ್ಣೆರಚ್ದಾ ನೀನು,’ ಎಂದಳು. 

ದೊಡ್ಡಯ್ಯ ಎದ್ದರು. ಮುಖ ಬೂದಿಯಾಗಿತ್ತು. ‘ನಾನೇ ಕಣ್ಲಾ ಬುಟ್ಟಿದ್ದು.’

‘ನಂಗೊತ್ತು ದೊಡ್ಡಯ್ಯ.’

‘ಒಂದ್ ಮಾತ್ ಏಳ್ಬಾರ್ದಾಗಿತ್ತಾ? ಬ್ಯಾರೆ ಏನೂ ಬ್ಯಾಡ, ಜೀವದ್ ಸಮಾಚಾರ ಅಂದಿದ್ರೆ ಸಾಕಾಗಿತ್ತು. ನಾನ್ ಬಿಂದ್ಗೇಲಿ ಒರ್ತಿದ್ದೆ.’

ಆಗ ಏರಿಯ ಕೆಳಗಿನಿಂದ ಸತ್ತವನ ಹೆಂಡತಿಯ ದನಿ ಕೇಳಿತು. ಸೂತಕದವಳೆಂದು ಗುಂಪಿಗೆ ಸೇರದೆ ದೂರದಲ್ಲಿ ನಿಂತಿದ್ದಳು. ‘ಐದರಿಂದ ಆರಕ್ಕೆ ನೀರು ಇಳೀಬೇಕಾದ್ರೆ ನಮ್ ಒಟ್ಲು ಕೊಚ್ಕೊಂಡೇ ಓಗ್ಬೇಕು,’ ಎಂದಳು. ‘ತಗ್ಗು ಇರದು ಅಲ್ಲೇ. ಮೊದ್ಲು ಅದ್ನ ಕಡೀರಿ ಮಾವ. ಸಸಿ ಯಾರಾದ್ರೂ ಕೊಡ್ತಾರೆ. ನಮ್ ಮನ್ಲಿ ಒಂದ್ ಎಣ ಎತ್ತಿದ್ದು ಸಾಕು, ಇನ್ನ ಅದಿನೇಳು ನನ್ ಪೈರಿನ್ ಮ್ಯಾಲೆ ಬ್ಯಾಡ.’

ಗಂಡಸರು ಗುದ್ದಲಿ ತರಲು ಎದ್ದರು.

ಕೆಲಸ ಹಂಚಿದೆ. ಒಂದೊಂದು ಬದುವಿಗೆ ಹನ್ನೆರಡು ಜನ. ಯಾರೂ ಓಡಬಾರದು, ಯಾರೂ ತಲೆ ಎತ್ತಿ ಆಕಾಶ ನೋಡಬಾರದು, ಬದು ತಿದ್ದುವವರ ಹಾಗೆ ನಿಧಾನಕ್ಕೆ ಕಡಿಯಬೇಕು. ಹೇಳುವುದು ಸುಲಭ. ಸಾವು ಹತ್ತಿರ ಬರುತ್ತಿದೆ ಎಂದು ಗೊತ್ತಿದ್ದೂ ದಿನದ ಕೂಲಿಯವರ ಹಾಗೆ ನಡೆಯುವುದು ಮೈಯನ್ನು ಹಿಂಡುವ ಕೆಲಸ. ಒಂದು ಸಲ ಆಕಾಶದ ಚುಕ್ಕೆ ಸ್ವಲ್ಪ ಬೆಳಗಿದಂತಾಗಿ ಮೂರನೆಯ ಬಯಲಿನವರೆಲ್ಲ ಒಟ್ಟಿಗೆ ನೆಟ್ಟಗೆ ನಿಂತುಬಿಟ್ಟರು. ನಾನು ಏರಿಯ ಮೇಲಿಂದ ಕೂಗಲಾರದೆ, ಕೈ ಬೀಸಲಾರದೆ, ಸುಮ್ಮನೆ ನಾನೇ ಬಗ್ಗಿ ನೆಲ ಕೆದಕತೊಡಗಿದೆ. ಒಬ್ಬೊಬ್ಬರಾಗಿ ನನ್ನನ್ನು ನೋಡಿ ಬಗ್ಗಿದರು. ಚುಕ್ಕೆ ಹಾಗೇ ಇತ್ತು.

ಒಂದರಿಂದ ಎರಡಕ್ಕೆ, ಮೂರರಿಂದ ನಾಲ್ಕಕ್ಕೆ ನೀರು ಚೆನ್ನಾಗಿ ಇಳಿಯಿತು. ಐದರ ಕೊನೆಯಲ್ಲಿ ಒಟ್ಲಿನ ಬದು ಕಡಿದದ್ದು ದೊಡ್ಡಯ್ಯನೇ. ಹಳದಿ ಸಸಿ ಬೇರು ಸಮೇತ ಎದ್ದು ಆರನೆಯ ಬಯಲಿಗೆ ತೇಲಿಹೋಯಿತು. ಮೂರು ಗಂಟೆ ಆದದ್ದು ತೂಬಿನ ಕಲ್ಲಿನ ನೆರಳಿನಲ್ಲಿ ಗೊತ್ತಾಯಿತು. ಎರಡು ಮತ್ತು ನಾಲ್ಕು ಇನ್ನೂ ಅರೆಬರೆ. ಆ ಹೊತ್ತಿಗೆ ಗುಹೆಯವರು ಏನು ಓದಿದರೋ. ‘ಬನ್ನಿ’ ಎಂದೇ ಓದಿರಬೇಕು ಎಂದುಕೊಂಡು ಮುಂದಿನ ಎರಡು ಗಂಟೆ ಬದುಕಿದೆ.

ಉಳಿದದ್ದು ಎಂಟು. ಒಂಬತ್ತೂ ತುಂಬುವ ಮಾತು ಅಲ್ಲಿಯವರೆಗೆ ಎಂದೂ ಬೇಕಾಗದೆ ಇದ್ದುದರಿಂದ ರಾಗಿ ಹಾಕಿಕೊಳ್ಳಿ ಎಂದು ನಾನೇ ದೊಡ್ಡಯ್ಯನ ಮನೆಯವರಿಗೆ ಹೇಳಿದ್ದೆ. ತಡವಾಗಿ ಬಿತ್ತಿ, ಆ ವಾರವಷ್ಟೇ ಕೊಯ್ದು ಒಣಗಲೆಂದು ಬಯಲ ತುಂಬ ಹರಡಿದ್ದರು. ಅವರ ಮನೆಯ ಹನ್ನೊಂದು ಬಾಯಿಗೆ ವರ್ಷದ ಊಟ ಅದು. ಹೆಂಗಸರು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ದಿಬ್ಬಕ್ಕೆ ಸಾಗಿಸುತ್ತಿದ್ದರು. ಓಡದೆ, ಒಬ್ಬರ ಹಿಂದೊಬ್ಬರು. ನಾಲ್ಕು ಗಂಟೆಗೆ ಅರ್ಧ ಬಯಲೂ ಖಾಲಿಯಾಗಿರಲಿಲ್ಲ. ಅದರ ಮೇಲೆ ಇನ್ನೊಂದು ತೊಂದರೆ. ಮೂರು ತಿಂಗಳು ನೀರು ಕಾಣದ ಆ ನೆಲ ಬೊಗಸೆ ಅಗಲದ ಬಿರುಕು ಬಿಟ್ಟಿತ್ತು. ಏಳರಿಂದ ಒಂದು ಮೂಲೆಯಲ್ಲಿ ಬಿಟ್ಟು ನೋಡಿದ ನೀರು ಹತ್ತು ಹೆಜ್ಜೆ ಹರಿಯುವುದರಲ್ಲಿ ಮಾಯವಾಯಿತು. ಹೀಗೆ ಸ್ವಲ್ಪ ಸ್ವಲ್ಪ ಬಿಟ್ಟರೆ ಏಳರ ನೀರೆಲ್ಲ ಬಿರುಕಿಗೇ ಹೋಗುತ್ತದೆ, ಎರಡೂ ಬಯಲು ಕಂದಾಗುತ್ತವೆ. ಏಳರ ಬದುವನ್ನು ಉದ್ದಕ್ಕೂ ಒಂದೇ ಸಲ ಬಿಡಬೇಕು, ನೆಲ ಕುಡಿಯುವ ಮೊದಲು ನೀರು ಓಡಿ ಹರಡಬೇಕು. ಆದರೆ ಬಿಟ್ಟರೆ ಉಳಿದ ರಾಗಿ ನೀರಿಗೆ ಹೋಯಿತು.

ನಾನು ಅದನ್ನು ದೊಡ್ಡಯ್ಯನಿಗೆ ಹೇಳಲು ಹೋಗಿ ನಿಂತೆ.

‘ಎಷ್ಟೊತ್ತದೆ?’ ಎಂದರು.

‘ಇನ್ನೊಂದ್ ಗಂಟೆ ಇಲ್ಲ.’

ಅವರು ರಾಗಿಯ ಕಡೆ ನೋಡಲಿಲ್ಲ. ಮೊಮ್ಮಗಳ ತಲೆಯ ಮೇಲಿದ್ದ ಹೊರೆ ನೋಡಿ, ‘ಅದ್ನ ದಿಬ್ಬುಕ್ ಆಕ್ಬುಟ್ಟು ನಿತ್ಕೊಳವ್ವ, ಸಾಕು,’ ಎಂದರು. ಗುದ್ದಲಿ ಎತ್ತಿಕೊಂಡು ಬದುವಿಗೆ ಹೋದರು. ಅವರ ಜೊತೆ ನಾನು ನಿಂತೆ, ಹತ್ತು ಮಾರಿಗೊಬ್ಬರಂತೆ ಉಳಿದವರು ನಿಂತರು. ನನ್ನ ಗುದ್ದಲಿ ಬಿದ್ದಾಗ ಎಲ್ಲರ ಗುದ್ದಲಿಯೂ ಬಿತ್ತು. ಏಳರ ನೀರು ಒಂದೇ ಸಲ ಎಂಟಕ್ಕೆ ನುಗ್ಗಿತು. ರಾಗಿಯ ತೆನೆಗಳು ಎದ್ದು, ತಿರುಗಿ, ಒಂದರ ಮೇಲೊಂದು ಏರಿ ಕೊನೆಯ ಬದುವಿಗೆ ಹೋಗಿ ಗುಡ್ಡೆಯಾದವು. ದೊಡ್ಡಯ್ಯನ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು, ಬಗ್ಗಿಕೊಂಡೇ. ತೆನೆ ಬಯಲ ಮಧ್ಯೆ ಉಳಿದರೆ ನೀರು ಕಂದಾಗಿ ಕಾಣುತ್ತದೆಂದು ನಾನು ಅವಳಿಗೇ ಹೇಳಬೇಕಾಯಿತು. ಕೋಲು ಹಿಡಿದು ತನ್ನ ರಾಗಿಯನ್ನು ತಾನೇ ಅಂಚಿಗೆ ನೂಕಿದಳು.

ತೂಬಿನ ಕಲ್ಲಿನ ನೆರಳು ಐದರ ಗುರುತು ಮುಟ್ಟುವಾಗ ಏರಿಯ ಮೇಲೆ ನಿಂತು ಎಣಿಸಿದೆ. ಒಂಬತ್ತೂ ಹೊಳೆಯುತ್ತಿದ್ದವು. ಎಂಟರ ಮೇಲಿನ ಮೂಲೆಯಲ್ಲಿ ಒಂದು ಎಕರೆಯಷ್ಟು ದಿಣ್ಣೆ ಒಣಗೇ ಉಳಿದಿತ್ತು. ಅಷ್ಟನ್ನು ಗುಹೆಯವರು ಮನ್ನಿಸಲಿ ಎಂದುಕೊಂಡೆ. ಬೇರೆ ಏನು ಮಾಡಲೂ ಇರಲಿಲ್ಲ.

ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಸ್ಕೂಲಿನ ಅಂಗಳದಲ್ಲಿ ಸದ್ದಿಲ್ಲದೆ ಕೂತಿತ್ತು. ಕಾಲಿನ ಕೆಸರು ಯಾರೂ ತೊಳೆದಿರಲಿಲ್ಲ. ಗುಟ್ಟು ಎಂದು ಇನ್ನು ಬಾಗಿಲು ಹಾಕುವುದರಲ್ಲಿ ಅರ್ಥವಿರಲಿಲ್ಲ. ಇಂಜಿನಿಯರಮ್ಮ ದೂರದರ್ಶಕವನ್ನು ಅಂಗಳಕ್ಕೇ ತಂದಿಟ್ಟಿದ್ದರು. ನಾನು ಪಕ್ಕದಲ್ಲಿದ್ದೆ.

ಗುಹೆಯವರ ಉತ್ತರ ಶುರುವಾಗುವುದು ಯಾವಾಗಲೂ ಹೀಗೆ: ಮೊದಲು ಒಂದು ಉದ್ದದ ಬೆಳಕು, ನಿಮ್ಮ ಮಾತು ಕಂಡೆವು ಎಂದು. ಆಮೇಲೆ ಸಣ್ಣ ಮಿನುಗುಗಳು, ಗುಹೆಯಲ್ಲಿ ಈಗ ಜೀವಂತ ಇರುವವರಿಗೆ ತಲೆಗೊಂದು. ಹೋದ ತಿಂಗಳು ನಲವತ್ತಾರು. ಹದಿನೇಳು ಜನರ ನೌಕೆ ಹೊರಟುಬಿಟ್ಟಿದ್ದರೆ ಇವತ್ತು ಇಪ್ಪತ್ತೊಂಬತ್ತಕ್ಕೆ ನಿಲ್ಲುತ್ತದೆ. ಇದನ್ನು ನಾನು ಜನರಿಗೆ ಮೆತ್ತಗೆ ಹೇಳಿದ್ದೆ, ಹೇಳಬಾರದಿತ್ತೋ ಏನೋ.

ಎಂದಿನ ಹೊತ್ತಿಗೆ ಬೆಳಕು ಬರಲಿಲ್ಲ. ಇಂಜಿನಿಯರಮ್ಮ ಕಣ್ಣು ಕೀಳದೆ ಕೂತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಚಂದ್ರ ತೆಂಗಿನ ಮರಗಳ ಕಡೆಗೆ ಇಳಿಯುತ್ತಿದ್ದ.

‘ಬಂತು,’ ಎಂದರು. ‘ಉದ್ದದ್ದು.’ ಆಮೇಲೆ ಎಣಿಸತೊಡಗಿದರು, ಜೋರಾಗಿ ಅಲ್ಲ, ಅಂಗಳಕ್ಕೆ ಕೇಳುವಷ್ಟು. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೈದಾದ ಮೇಲೆ ಅವರ ದನಿ ಸಣ್ಣಗಾಯಿತು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಅಲ್ಲಿ ನಿಂತಿತು.

‘ಮೂವತ್ತು,’ ಎಂದರು.

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ದೊಡ್ಡಯ್ಯ ತಲೆಯ ಮೇಲಿನ ಟವಲು ತೆಗೆದು ಮುಖ ಮುಚ್ಚಿಕೊಂಡರು. ಇಂಜಿನಿಯರಮ್ಮನ ಕಣ್ಣು ತುಂಬಿ ಏನೂ ಕಾಣದಾಯಿತು. ‘ನೀವು ಎಣಿಸಿ ಅಣ್ಣ, ಮೂವತ್ತಾಗಿದೆ, ಬೇಗ,’ ಎಂದು ಜಾಗ ಬಿಟ್ಟರು.

ನಾನು ಕಣ್ಣಿಟ್ಟೆ. ಕತ್ತಲ ಅಂಚಿನಲ್ಲಿ ರಾಗಿ ಕಾಳಿಗಿಂತ ಸಣ್ಣ ಬೆಳಕು ಹೊತ್ತಿ ಆರುತ್ತಿತ್ತು. ಮೂವತ್ತೊಂದರಿಂದ ಹಿಡಿದೆ. ಒಂದನ್ನೂ ತಪ್ಪಿಸಲಿಲ್ಲ. ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಮುಂದಿನದಕ್ಕೆ ಕಾದೆ. ಬರಲಿಲ್ಲ. ಇನ್ನೂ ಕಾದೆ. ಅಷ್ಟರಲ್ಲಿ ಚಂದ್ರ ತೆಂಗಿನ ಗರಿಗಳ ಹಿಂದೆ ಹೋದ.

‘ಎಷ್ಟಾಯ್ತು?’ ಎಂದು ಅವರು ಕೇಳಿದರು.

ಒಂದು ಹೆಚ್ಚು ಹೇಳಿಬಿಡೋಣ ಎಂದು ಮನಸ್ಸಿಗೆ ಬಂತು. ನೋಡಿದ್ದು ನಾನೊಬ್ಬನೇ. ಆದರೆ ಹೇಳದೆ ಇಟ್ಟುಕೊಂಡದ್ದರಿಂದ ಏನಾಯಿತೆಂದು ಬೆಳಗಿನಿಂದ ನೋಡಿದ್ದೆ.

‘ನಲವತ್ತೈದು,’ ಎಂದೆ.

ಅವರು ದೂರದರ್ಶಕಕ್ಕೆ ಮುಚ್ಚಳ ಹಾಕಿದರು. ‘ಒಬ್ಬರು ಇಲ್ಲ. ಕಾವಲಿರುವಾಗ ಯಾರು ಅಂತ ಬೆಳಕು ಹೇಳಲ್ಲ,’ ಎಂದರು. ಕಾಯಿಲೆಯವರ ಪಟ್ಟಿಯಲ್ಲಿ ಹದಿನೇಳು ಹೆಸರಿದ್ದವು. ಯಾರು ಎಂದು ಕೇಳೋಣವೆಂದರೆ ನಮ್ಮ ಒಂಬತ್ತು ಬಯಲಿನಲ್ಲಿ ಅದಕ್ಕೆ ಮಾತಿರಲಿಲ್ಲ. ಇರಿ, ಬನ್ನಿ, ಅಲುಗಬೇಡಿ, ಇಷ್ಟೇ ಇದ್ದದ್ದು.

ಮಾರನೆಯ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಇಂಜಿನಿಯರಮ್ಮ, ನಾನು, ದೊಡ್ಡಯ್ಯ ಮತ್ತು ಇನ್ನೂ ಏಳೆಂಟು ಜನ ಕೂತು ಹೊಸ ಮಾತು ಕಟ್ಟಿದೆವು. ಎರಡು, ಆರು, ಎಂಟು ಮಾತ್ರ ತುಂಬಿ ಉಳಿದದ್ದೆಲ್ಲ ಒಣಗಿದ್ದರೆ ‘ಯಾರು’ ಎಂದು. ಗುಹೆಯವರಿಗೆ ಅದು ಅರ್ಥವಾಗುತ್ತದೆಯೇ ಎಂದು ದೊಡ್ಡಯ್ಯ ಕೇಳಿದರು. ತಂಗಿ ಇದ್ದರೆ ಅರ್ಥ ಮಾಡಿಕೊಳ್ಳುತ್ತಾಳೆ ಎಂದರು ಇಂಜಿನಿಯರಮ್ಮ. ಒಂದನೆಯ ಬಯಲಿನವರು ತಮ್ಮ ನೀರು ಬಿಟ್ಟುಕೊಡಲು ಒಪ್ಪಿದರು. ಕೆಸರು ಒಣಗುವವರೆಗೆ ಕೇಳುವಂತಿರಲಿಲ್ಲ, ಮುಂದಿನ ತದಿಗೆಗೆ ಇನ್ನೂ ಇಪ್ಪತ್ತೆಂಟು ದಿನವಿತ್ತು.